ಒಂದು ಗೋಡೆಯ ಮೇಲೆ ನನಗಿರುವ ಹೊಟ್ಟೆಕಿಚ್ಚು

ಮಾನ್ಯ ಸರ್ಕಾರಿ ವಕೀಲರೇ,

ನನಗೆ ಒಂದು ಗೋಡೆಯ ಮೇಲೆ ಹೊಟ್ಟೆಕಿಚ್ಚಾಗಿದೆ. ನಗಬೇಡಿ, ಆ ಗೋಡೆ ನಿಮಗೂ ಗೊತ್ತು. ಅದಕ್ಕೆ ಮೂರು ಪಟ್ಟೆ ಬಣ್ಣ ಬಳಿದದ್ದಕ್ಕೆ ನನ್ನ ಅಕ್ಕನ ಗಂಡನ ಮೇಲೆ, ಅಂದರೆ ನನ್ನ ಭಾವನ ಮೇಲೆ, ಸರ್ಕಾರ ಮೊಕದ್ದಮೆ ಹೂಡಿದೆ. ಸರ್ಕಾರದ ಪರ ವಾದಿಸುವವರು ನೀವು. ಬರುವ ಗುರುವಾರ ವಿಚಾರಣೆ. ನನ್ನ ಅಕ್ಕನ ಹೊಲಿಗೆ ಯಂತ್ರವನ್ನು ಮಹಡಿಯಿಂದ ಕೆಳಗೆಸೆದು ಪುಡಿ ಮಾಡಿದವನ ಮೇಲೆ ಮಾತ್ರ ಯಾವ ಮೊಕದ್ದಮೆಯೂ ಇಲ್ಲ. ಗೋಡೆಯೂ ಖಾಸಗಿ ಸ್ವತ್ತು, ಯಂತ್ರವೂ ಖಾಸಗಿ ಸ್ವತ್ತು. ಒಂದಕ್ಕೆ ಸರ್ಕಾರವೇ ಹೆತ್ತ ತಾಯಿಯಂತೆ ಓಡಿ ಬಂತು, ಇನ್ನೊಂದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಇದನ್ನು ಕಂಡು ಹೊಟ್ಟೆ ಉರಿಯದಿದ್ದರೆ ಅದು ಹೊಟ್ಟೆಯೇ ಅಲ್ಲ.

ನಾನು ಬಣ್ಣ ಹೊಡೆಯುವವನು. ಮೂರು ವರ್ಷದ ಹಿಂದೆ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಅಕ್ಕ-ಭಾವನ ಬೆನ್ನು ಹತ್ತಿ ಈ ಊರಿಗೆ ಬಂದೆ. ಕೈಗೆ ಬ್ರಷ್ ಕೊಟ್ಟು ಕೆಲಸ ಕಲಿಸಿದವನು ಭಾವ. ಪತ್ರ ಬರೆದು ಅಭ್ಯಾಸವಿಲ್ಲ, ಹಾಗಾಗಿ ಮೊಬೈಲಿಗೆ ಹೇಳುತ್ತಿದ್ದೇನೆ, ತುಂಡು ತುಂಡಾಗಿ. ಪತ್ರಿಕೆಯವರು ಭಾಷೆ ತಿದ್ದಿ ಅಚ್ಚು ಹಾಕುತ್ತೇವೆ ಎಂದಿದ್ದಾರೆ. ಭಾಷೆ ತಿದ್ದಿ, ಸಿಟ್ಟು ತಿದ್ದಬೇಡಿ ಎಂದು ಕೇಳಿಕೊಂಡಿದ್ದೇನೆ.

ಮೊದಲು ಯಂತ್ರದ ವಿಷಯ. ಏಳು ತಿಂಗಳ ಹಿಂದೆ ನಾವು ಮೂವರೂ ಒಂದು ಮನೆಯ ಮೊದಲ ಮಹಡಿಯ ಒಂದೇ ಕೋಣೆಯಲ್ಲಿದ್ದೆವು. ಕಿಟಕಿಯ ಪಕ್ಕ ಅಕ್ಕನ ಯಂತ್ರ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಬೆಳೆಯುವ ಮಕ್ಕಳ ಸಮವಸ್ತ್ರದ ಮಡಿಕೆ ಬಿಚ್ಚಿ ಹೊಲಿದುಕೊಡುವುದು ಅವಳ ಕೆಲಸ. ಮನೆ ಮಾಲೀಕರ ಮಗನನ್ನು ನಾವು ‘ಸಣ್ಣ ಮಾಲೀಕ’ ಎನ್ನುತ್ತಿದ್ದೆವು. ಅವನಿಗೆ ಆ ಕೋಣೆ ಬೇಕಾಯಿತು. ತಿಂಗಳ ಕೊನೆಗೆ ಬಿಡುತ್ತೇವೆ ಎಂದು ಅಕ್ಕ ಹೇಳಿದ್ದಳು, ಅವನ ಅಪ್ಪ ಆಗಲಿ ಎಂದಿದ್ದರು. ಆದರೆ ಸಣ್ಣ ಮಾಲೀಕನ ತಿಂಗಳು ಇಪ್ಪತ್ತನೇ ತಾರೀಖಿಗೇ ಮುಗಿದುಹೋಯಿತು. ಮಧ್ಯಾಹ್ನ ಬಂದ. ಅಕ್ಕ ಒಬ್ಬಳೇ ಇದ್ದಳು. ಒಂದು ಮಾತೂ ಆಡದೆ, ಸೂಜಿಯ ಕೆಳಗೆ ಬಟ್ಟೆ ಇದ್ದ ಹಾಗೆಯೇ, ಯಂತ್ರವನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲಿನಿಂದ ಅಂಗಳಕ್ಕೆ ಹಾಕಿದ. ಯಾವುದೋ ಮಗುವಿನ ಸಮವಸ್ತ್ರವೂ ಅದರ ಜೊತೆಗೇ ಹೋಯಿತು. ಯಂತ್ರ ಮೂರು ತುಂಡಾಯಿತು. ಅಕ್ಕ ಕೆಳಗಿಳಿದು ಮೊದಲು ಎತ್ತಿಕೊಂಡದ್ದು ಆ ಅಂಗಿಯನ್ನು, ಯಾಕೆಂದರೆ ಅದು ಬೇರೆಯವರದ್ದು.

ಠಾಣೆಗೆ ಹೋದೆವು. ಅಲ್ಲಿ ಬರೆದುಕೊಳ್ಳುವವರು ಅಕ್ಕನನ್ನು ಕೇಳಿದರು:

“ಯಾರು ಒಡೆದಿದ್ದು?”

“ಓನರ್ ಮಗ ಸಾರ್.”

“ಅಂದ್ರೆ ನಿಮ್ ಮನೆ ಓನರ್ರು. ಇದು ನಿಮ್ಮನಿಮ್ಮೊಳಗಿನ ವಿಷಯ ಕಣಮ್ಮ. ಕೂತು ಮಾತಾಡ್ಕೊಳ್ಳಿ.”

“ಮಾತಾಡೋಕೆ ಅವ್ನು ಬಾಯೇ ಬಿಡ್ಲಿಲ್ಲ ಸಾರ್. ಎತ್ತಿದ, ಹಾಕ್ದ.”

“ಯಾವೂರು ನಿಮ್ದು?”

ಅಕ್ಕ ಊರು ಹೇಳಿದಳು.

“ಓ, ಅಲ್ಲಿಂದ ಬಂದೋರಾ. ಇಂಥ ಸಣ್ಣಪುಟ್ಟದ್ದಕ್ಕೆಲ್ಲ ಠಾಣೆ ಹತ್ತಬಾರ್ದು. ಒಂದ್ ಹಾಳೇಲಿ ಬರ್ಕೊಟ್ಟು ಹೋಗಿ, ನೋಡೋಣ.”

ಬರೆದುಕೊಟ್ಟಳು. ಆ ಹಾಳೆಯನ್ನು ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟರು ಎಂದು ನಾನು ಹೇಳಿದರೆ ನೀವು ಉತ್ಪ್ರೇಕ್ಷೆ ಎನ್ನುತ್ತೀರಿ, ಅದಕ್ಕೇ ಹೇಳುವುದಿಲ್ಲ. ಅದಕ್ಕೆ ಇವತ್ತಿನವರೆಗೂ ಒಂದು ನಂಬರು ಬಿದ್ದಿಲ್ಲ ಎಂದಷ್ಟೇ ಹೇಳುತ್ತೇನೆ.

ಈಗ ನಿಮ್ಮ ಮುದ್ದಿನ ಗೋಡೆಗೆ ಬರೋಣ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಮನೆಯವರು ಕಾರ್ಡು ನೋಡಿ ಬಣ್ಣ ಆರಿಸುತ್ತಾರೆ, ಆದರೆ ಕಾರ್ಡಿನ ಬಣ್ಣ ಗೋಡೆಗೆ ಬಂದಾಗ ಬೇರೆಯೇ ಕಾಣುತ್ತದೆ. ಹಸಿ ಇದ್ದಾಗ ಒಂದು, ಒಣಗಿದ ಮೇಲೆ ಒಂದು, ಬೆಳಗಿನ ಬಿಸಿಲಿಗೆ ಮತ್ತೊಂದು. ಅದಕ್ಕೆ ಕೆಲಸ ಶುರುವಾಗುವ ಮೊದಲೇ ಹೋಗಿ, ಮನೆಯ ಮುಂದಿನ ಕಾಂಪೌಂಡ್ ಗೋಡೆಗೆ ಮೂರು ಪಟ್ಟೆ ಎಳೆದು, ಪ್ರತಿಯೊಂದರ ಪಕ್ಕ ಬಣ್ಣದ ಡಬ್ಬಿಯ ನಂಬರು ಬರೆದು ಬರುತ್ತೇವೆ. ಮನೆಯವರು ಎರಡು ದಿನ ಹಿಂದೆ ಮುಂದೆ ನಿಂತು ನೋಡಿ, ಇದಿರಲಿ ಎನ್ನುತ್ತಾರೆ.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ನಮಗೆ ಕೆಲಸ ಕೊಡುವ ಮೇಸ್ತ್ರಿ ನನ್ನ ಫೋನಿಗೆ ಮಾತಿನಲ್ಲೇ ಒಂದು ಮೆಸೇಜು ಕಳಿಸಿದ: “ಬೀದಿ ಒಳಗ್ ಹೋಗಿ, ಬಲಗಡೆ ನಾಲ್ಕನೇ ಗೇಟು, ಕಪ್ಪು ಗೇಟು. ಮನೇಲಿ ಯಾರೂ ಇರಲ್ಲ. ಮೂರು ಪಟ್ಟೆ ಎಳೆದು ಬಂದ್ಬಿಡಿ.” ಮೇಸ್ತ್ರಿ ಬೈಕಿನವನು, ಆ ಬೀದಿಗೆ ಮೇಲಿನ ದೊಡ್ಡ ರಸ್ತೆಯಿಂದ ಬರುತ್ತಾನೆ. ನಾವು ಬಸ್ಸಿನವರು, ಬಸ್ಸು ನಮ್ಮನ್ನು ಇಳಿಸುವುದು ಬೀದಿಯ ಕೆಳಗಿನ ತುದಿಯಲ್ಲಿ. ಅವನ ಬಲಗಡೆ ನಮ್ಮ ಎಡಗಡೆ, ಅವನ ನಾಲ್ಕನೇ ಗೇಟು ಎಲ್ಲೋ, ನಮ್ಮದು ಎಲ್ಲೋ. ಗೇಟು ಎಣಿಸಿದವನು ನಾನು. ನಮ್ಮ ಗ್ರಹಚಾರಕ್ಕೆ ಆ ಗೇಟೂ ಕಪ್ಪು, ಆ ಮನೆಯಲ್ಲೂ ಯಾರೂ ಇರಲಿಲ್ಲ.

ಎರಡು ಪಟ್ಟೆ ಭಾವ ಎಳೆದ, ಒಂದು ನಾನು. ಬ್ರಷ್ ತೊಳೆಯಲು ನೀರು ತರೋಣವೆಂದು ಬಕೆಟ್ ಹಿಡಿದು ಬೀದಿ ಕೊನೆಯ ನಲ್ಲಿಗೆ ಹೋದೆ. ಅಷ್ಟರಲ್ಲಿ ಎದುರು ಮನೆಯವರು ಫೋನ್ ಮಾಡಿದ್ದರು. ಫೋನಿಗೂ ಜೀಪಿಗೂ ನಡುವೆ ಹನ್ನೊಂದು ನಿಮಿಷ ಎಂದು ನಿಮ್ಮ ಕಡತದಲ್ಲೇ ಬರೆದಿದೆ. ನಾನು ವಾಪಸ್ ಬಂದಾಗ ಭಾವನ ರಟ್ಟೆ ಹಿಡಿದು ಹತ್ತಿಸುತ್ತಿದ್ದರು. ಅವನು ನನ್ನನ್ನು ನೋಡಿದ, ಗುರುತಿಲ್ಲದವನ ಹಾಗೆ ಮುಖ ತಿರುಗಿಸಿಕೊಂಡ. ಇಬ್ಬರೂ ಒಳಗೆ ಹೋದರೆ ಅಕ್ಕನ ಗತಿಯೇನು ಎನ್ನುವುದು ಅವನ ಯೋಚನೆ. ನನಗೆ ಅದು ಅರ್ಥವಾಯಿತು. ಅರ್ಥವಾದದ್ದಕ್ಕೇ ನಾನು ದಾರಿಹೋಕನ ಹಾಗೆ ಬಕೆಟ್ ಹಿಡಿದುಕೊಂಡು ಅವರ ಮುಂದೆಯೇ ನಡೆದುಹೋದೆ. ನಿಮ್ಮ ಕಡತದಲ್ಲಿ ‘ಆರೋಪಿಯು ಒಬ್ಬನೇ ಇದ್ದು’ ಎಂದಿದೆ. ಒಬ್ಬನೇ ಇರಲಿಲ್ಲ, ಸ್ವಾಮಿ. ನಾನಿದ್ದೆ.

ಠಾಣೆಯಲ್ಲಿ ನಡೆದದ್ದನ್ನು ಭಾವ ಜಾಮೀನಿನ ಮೇಲೆ ಹೊರಬಂದ ಮೇಲೆ ಹೇಳಿದ್ದಾನೆ.

“ಈ ನಂಬರೆಲ್ಲ ಯಾರಿಗೋ ಸಿಗ್ನಲ್ಲು?”

“ಯಾರಿಗೂ ಅಲ್ಲ ಸಾರ್, ಡಬ್ಬಿ ನಂಬರ್ರು.”

“ಡಬ್ಬಿ ನಂಬರ್ನ ಡಬ್ಬಿ ಮೇಲೆ ಬರೀಬೇಕು. ಗೋಡೆ ಮೇಲ್ ಯಾಕ್ ಬರ್ದೆ?”

“ಡಬ್ಬಿ ಮೇಲೆ ಅವ್ರೇ ಬರ್ದಿರ್ತಾರೆ ಸಾರ್.”

ಈ ಉತ್ತರಕ್ಕೆ ಒಂದೇಟು ಬಿತ್ತಂತೆ. ಉತ್ತರವೇನೋ ಸರಿಯಾಗೇ ಇತ್ತು. ಆಮೇಲೆ ಮೇಸ್ತ್ರಿಯನ್ನು ಕರೆಸಿದರು. ಅವನು ಕೈ ತೊಳೆದುಕೊಂಡ. “ನಾನ್ ಹೇಳಿದ್ ಮನೆ ಬೇರೆ. ಅಲ್ಲಿಗೆ ಇವ್ನು ಯಾಕ್ ಹೋದ ಅಂತ ನಂಗೇನ್ ಗೊತ್ತು? ಮೆಸೇಜಾ? ನಾನ್ಯಾವ್ ಮೆಸೇಜೂ ಕಳ್ಸಿಲ್ಲ.” ಹೀಗೆ ಕಪ್ಪು ಗೇಟಿನ ತಪ್ಪು ‘ಉದ್ದೇಶಪೂರ್ವಕ ಹಾನಿ’ಯಾಗಿ, ಡಬ್ಬಿಯ ನಂಬರುಗಳು ‘ಅನುಮಾನಾಸ್ಪದ ಸಂಕೇತ’ಗಳಾಗಿ ನಿಮ್ಮ ಮೇಜಿಗೆ ಬಂದವು.

ಆ ಕಾಗದಗಳ ನಕಲು ನಮಗೂ ಕೊಟ್ಟಿದ್ದಾರೆ. ನಾನು ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಸ್ಥಳ ಮಹಜರಿನಲ್ಲಿ ಹೀಗಿದೆ: ‘ಸದರಿ ಗೋಡೆಯು ಪೂರ್ವಾಭಿಮುಖವಾಗಿದ್ದು, ಐದೂವರೆ ಅಡಿ ಎತ್ತರವಿದ್ದು, ಕೆನೆಬಣ್ಣದ್ದಾಗಿದ್ದು, ಘಟನೆಗೆ ಮುನ್ನ ಸುಸ್ಥಿತಿಯಲ್ಲಿಯೂ ನೋಡಲು ಅಂದವಾಗಿಯೂ ಇದ್ದು.’ ನೋಡಲು ಅಂದವಾಗಿಯೂ! ಅಕ್ಕನ ಬಗ್ಗೆ ಭಾವ ಕೂಡ ಇಂಥ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಆರು ಫೋಟೊ ತೆಗೆದಿದ್ದಾರೆ. ಟೇಪಿನ ಈ ತುದಿ ಒಬ್ಬರು ಆ ತುದಿ ಒಬ್ಬರು ಹಿಡಿದು, ಪ್ರತಿ ಪಟ್ಟೆಯ ಉದ್ದ ಅಗಲ ಅಳೆದಿದ್ದಾರೆ. ಇದನ್ನೆಲ್ಲ ಬರೆದಿರುವ ಕೈ ಯಾರದ್ದು ಗೊತ್ತೇ? ಅಕ್ಕನ ಯಂತ್ರವನ್ನು ಸಣ್ಣಪುಟ್ಟದ್ದು ಎಂದವರದ್ದೇ. ಅದೇ ಕುರ್ಚಿ, ಅದೇ ಪೆನ್ನು. ಬರೆಯಲು ಬಾರದವರೇನಲ್ಲ ಅವರು. ಮನಸ್ಸಿದ್ದಾಗ ಎಷ್ಟು ಚೆನ್ನಾಗಿ ಬರೆಯುತ್ತಾರೆ!

ಬಿಟ್ಟುಹೋದ ಹುಡುಗಿ ಇನ್ನೊಬ್ಬನ ಜೊತೆ ಕಂಡಾಗ ಅವಳನ್ನು ಬಿಟ್ಟು ಅವನನ್ನೇ ದಿಟ್ಟಿಸಿ ನೋಡುತ್ತಾರಲ್ಲ, ಹಾಗೆ ನಾನು ಆ ಗೋಡೆಯನ್ನು ನೋಡುತ್ತೇನೆ. ಕೆಲಸಕ್ಕೆ ಹೋಗುವಾಗ ಬೇಕೆಂದೇ ಎರಡು ಸ್ಟಾಪು ಮುಂಚೆ ಇಳಿದು ಆ ಬೀದಿಯಲ್ಲಿ ನಡೆಯುತ್ತೇನೆ. ಏನಿದೆ ಇದರಲ್ಲಿ? ಸಿಮೆಂಟು ಅಷ್ಟಕ್ಕಷ್ಟೇ. ಕೆಳಗಡೆ ಪುಟ್ಟಿ ಉಬ್ಬಿದೆ, ಇನ್ನೊಂದು ವರ್ಷಕ್ಕೆ ಉದುರುತ್ತದೆ. ನಮ್ಮಲ್ಲಿ ಇಲ್ಲದ ಯಾವ ಗುಣ ಕಂಡು ಸರ್ಕಾರ ಇದಕ್ಕೆ ಮನಸೋತಿತು?

ಗೋಡೆಯ ಒಡತಿ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಪಟ್ಟೆ ಎಳೆದ ದಿನ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದರು. ಅವರು ಬಂದ ಸುದ್ದಿ ತಿಳಿದು ಕ್ಷಮೆ ಕೇಳಲು ಹೋಗಿ ನಾನು ಯಾರೆಂದು ಹೇಳಿದೆ. ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮ್ ಭಾವನೇನಾ ಇದ್ನ ಎಳೆದಿದ್ದು?”

“ಹೌದಮ್ಮ. ತಪ್ಪಾಗಿ ನಿಮ್ ಗೋಡೆಗೆ…”

“ಅದು ಗೊತ್ತಾಗತ್ತೆ ಬಿಡು. ಅಂಚಿಗೆ ಅಂಟಿನ ಟೇಪ್ ಹಚ್ಚಿ ಎಳೆದಿದಾನೆ ನೋಡು, ಗೆರೆ ಎಷ್ಟು ನೇರ ಇದೆ. ಹಾಳು ಮಾಡೋಕೆ ಬಂದೋನು ಟೇಪ್ ಹಚ್ತಾನೇನೋ?”

ನಿಮ್ಮ ಆರು ಫೋಟೊಗಳಿಗೆ ಕಾಣದ್ದು ಅವರಿಗೆ ಒಂದೇ ನೋಟಕ್ಕೆ ಕಂಡಿತು.

“ಮಧ್ಯದ್ದು ನಂಗೆ ಇಷ್ಟಾನೂ ಆಗಿದೆ. ಪೂರ್ತಿ ಅದನ್ನೇ ಹೊಡೆಸೋಣ ಅಂದ್ರೆ ಮುಟ್ಟಬಾರ್ದಂತೆ. ಸಾಕ್ಷ್ಯವಂತೆ. ನನ್ ಗೋಡೆ ಈಗ ನಂಗೇ ಸಿಗಲ್ಲ!”

ಅವರೇ ನನ್ನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದರು. ನಿಮಗೆ ನೆನಪಿರಬಹುದು. ನೀವು ಕೂರಿಸಿ ಮಾತಾಡಿಸಿದಿರಿ, ಅದನ್ನು ಮರೆಯುವುದಿಲ್ಲ.

“ನನ್ ಕಡೆಯಿಂದ ಏನೂ ದೂರಿಲ್ಲ. ಆ ಹುಡುಗನ್ನ ಬಿಟ್ಬಿಡಿ,” ಎಂದರು ಅವರು.

“ಅಮ್ಮ, ಇದನ್ನ ನಡೆಸ್ತಿರೋದು ಸರ್ಕಾರ. ನೀವು ಸಾಕ್ಷಿ ಅಷ್ಟೇ.”

“ಗೋಡೆ ಯಾರ್ದು?”

“ಗೋಡೆ ನಿಮ್ದು. ಕೇಸು ನಮ್ದು.”

“ಹಾಗಾದ್ರೆ ಅದನ್ನ ತೊಳೆಸೋದು?”

“ಅದು ನಿಮ್ದೇ. ಕೇಸ್ ಮುಗಿದ್ಮೇಲೆ.”

“ಮೂವತ್ತು ವರ್ಷ ಟಿಕೆಟ್ ಕೊಟ್ಟಿದೀನಿ. ಟಿಕೆಟ್ ತಗೊಂಡೋರನ್ನ ಕೆಳಗಿಳಿಸಿ ರೈಲೊಂದೇ ಹೋಗೋದನ್ನ ಇವತ್ತೇ ನೋಡಿದ್ದು.”

ನೀವು ನಕ್ಕಿರಿ. ಆಮೇಲೆ ಕನ್ನಡಕ ತೆಗೆದಿಟ್ಟು ಸಮಾಧಾನವಾಗಿ ವಿವರಿಸಿದಿರಿ. “ನೋಡಿಮ್ಮ, ಸ್ವತ್ತು ಹಾಳು ಮಾಡಿದೋನನ್ನ ವಿಚಾರಿಸ್ಕೊಳ್ಳೋದು ಸ್ವತ್ತಿನ ಯಜಮಾನನ ಕೆಲಸ ಅಂತ ಬಿಟ್ರೆ ಏನಾಗತ್ತೆ? ದೊಡ್ಡೋರ ಗಾಜು ಒಡೆದೋನು ಕೈಕಾಲು ಮುರಿಸ್ಕೋತಾನೆ. ಬಡವನ ಗಾಜು ಒಡೆದೋನು ಅವನ ಮುಂದೇನೇ ಮೀಸೆ ತಿರುವ್ಕೊಂಡು ಓಡಾಡ್ತಾನೆ. ಹೆದರಿಸಿ ದೂರು ವಾಪಸ್ ತೆಗೆಸ್ತಾನೆ. ಅದಕ್ಕೇ ಸರ್ಕಾರ ಮಧ್ಯೆ ನಿಲ್ಲೋದು. ಒಬ್ಬರ ಸ್ವತ್ತಿನ ಮೇಲೆ ಕೈ ಮಾಡಿದ್ರೆ ಎಲ್ಲರ ಮೇಲೂ ಕೈ ಮಾಡಿದ ಹಾಗೆ.”

ನಿಜ ಹೇಳುತ್ತೇನೆ ವಕೀಲರೇ, ಈ ಊರಿಗೆ ಬಂದ ಮೇಲೆ ಇಷ್ಟು ಚೆಂದದ ಮಾತು ನಾನು ಕೇಳಿಲ್ಲ. ಅಕ್ಕನ ಪರವಾಗಿ ಏಳು ತಿಂಗಳಿಂದ ನಾನು ಹುಡುಕುತ್ತಿದ್ದ ಮಾತು ಅದೇ. ತಡೆಯಲಾಗದೆ ಕೇಳಿಯೇ ಬಿಟ್ಟೆ, “ಹಾಗಾದ್ರೆ ಸಾರ್, ನಮ್ಮಕ್ಕನ ಮಷೀನು?” ನೀವು ಕನ್ನಡಕ ಹಾಕಿಕೊಂಡಿರಿ. “ಠಾಣೆಯಿಂದ ಅದು ನಮ್ಗೆ ಬಂದಿಲ್ಲಪ್ಪ. ಬಂದ್ರೆ ನೋಡೋಣ.”

ಇಲ್ಲಿಂದ ಮುಂದೆ ಹೇಳುವುದನ್ನು ಆ ದಿನ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ.

ನಿಮ್ಮ ತತ್ವದ ಮೇಲೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಖಾಸಗಿ ಸ್ವತ್ತಿಗೆ ಹಾನಿಯಾದರೆ ಸರ್ಕಾರವೇ ಎದ್ದು ನಿಲ್ಲಬೇಕು. ನಿಲ್ಲದಿದ್ದರೆ ನಮ್ಮಂಥವರ ಪಾಡು ಏನು? ಸಣ್ಣ ಮಾಲೀಕನ ಎದುರು ನಿಂತು ನ್ಯಾಯ ಕೇಳುವ ತಾಕತ್ತು ನಮಗಿಲ್ಲ. ವಕೀಲರನ್ನು ಇಡುವ ಶಕ್ತಿಯಿಲ್ಲ, ಕೆಲಸ ಬಿಟ್ಟು ಅಲೆಯುವ ಹಾಗಿಲ್ಲ, ಅವನು ನಾಲ್ಕು ಜನ ಕರೆತಂದರೆ ನಮ್ಮ ಹಿಂದೆ ನಿಲ್ಲಲು ನಾಲ್ಕು ಜನ ನೆಂಟರು ಈ ಊರಲ್ಲಿಲ್ಲ. ಕಾನೂನು ಮಾಡಿದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕಾನೂನು ಬರೆದರೋ, ಆ ಮನುಷ್ಯ ನಾವೇ. ಹಾಗಿದ್ದರೆ ನಮಗೆ ಸಿಗಬೇಕಾದದ್ದು ದಾರಿ ತಪ್ಪಿ ಆ ಗೋಡೆಗೆ ಹೇಗೆ ಹೋಯಿತು? ಗೋಡೆಯ ಒಡತಿ ಬೇಡವೆಂದರೂ ನೀವು ಬಿಡಲಿಲ್ಲ. ನನ್ನ ಅಕ್ಕ ಕರೆದರೂ ನೀವು ಬರಲಿಲ್ಲ. ಒಡತಿಯ ಕ್ಷಮೆ ನಿಮಗೆ ಲೆಕ್ಕಕ್ಕಿಲ್ಲ, ಅಕ್ಕನ ದೂರೂ ಲೆಕ್ಕಕ್ಕಿಲ್ಲ. ಒಬ್ಬರ ಸ್ವತ್ತಿನ ಮೇಲೆ ಕೈ ಮಾಡಿದರೆ ಎಲ್ಲರ ಮೇಲೂ ಕೈ ಮಾಡಿದ ಹಾಗೆ ಎಂದಿರಲ್ಲ, ಆ ‘ಎಲ್ಲರ’ ಒಳಗೆ ನಾವು ಇದ್ದೇವೋ ಇಲ್ಲವೋ? ಇಲ್ಲ ಎನ್ನುವುದಾದರೆ ಹೇಳಿಬಿಡಿ, ಹೊಟ್ಟೆಕಿಚ್ಚಾದರೂ ತಣ್ಣಗಾಗುತ್ತದೆ. ನಮಗೆ ಬರಬೇಕಾದದ್ದೇ ಅಲ್ಲದಿದ್ದರೆ ಯಾಕೆ ಕರುಬಬೇಕು? ಇದ್ದೇವೆ ಎನ್ನುವುದಾದರೆ, ಮೂರು ಪಟ್ಟೆಗೆ ಹನ್ನೊಂದು ನಿಮಿಷ ಸಾಕಾದವರಿಗೆ ಮೂರು ತುಂಡಿಗೆ ಏಳು ತಿಂಗಳು ಯಾಕೆ ಸಾಲಲಿಲ್ಲ?

ಇನ್ನು ಗುರುವಾರದ ಮಾತು. ಕೇಸು ಇರುವವನಿಗೆ ದೊಡ್ಡ ಬಡಾವಣೆಗಳಲ್ಲಿ ಗೇಟ್ ಪಾಸ್ ಕೊಡುವುದಿಲ್ಲ. ನಾಲ್ಕು ತಿಂಗಳಿಂದ ಭಾವ ಮನೆಯಲ್ಲಿದ್ದಾನೆ. ಯಂತ್ರವಿಲ್ಲದೆ ಅಕ್ಕ ಈಗ ಎಲ್ಲವನ್ನೂ ಕೈಯಲ್ಲೇ ಹೊಲಿಯುತ್ತಾಳೆ. ಭಾವ ಎದುರು ಕೂತು ಹಳೆಯ ಹೊಲಿಗೆ ಬಿಚ್ಚಿಕೊಡುತ್ತಾನೆ. ಏಣಿಯ ತುದಿಯಲ್ಲಿ ನಿಂತು ನಡುಗದ ಕೈ ಬ್ಲೇಡು ಹಿಡಿದು ಒಂದೊಂದೇ ದಾರ ಎಬ್ಬಿಸುವುದನ್ನು ನೋಡಲು ಕಷ್ಟವಾಗುತ್ತದೆ. ನ್ಯಾಯಾಲಯದ ಕಾರಿಡಾರಿನಲ್ಲಿ ಯಾರೋ ಅವನ ಕಿವಿಗೆ ಹಾಕಿದ್ದಾರೆ, ತಪ್ಪೊಪ್ಪಿಕೊಂಡರೆ ಒಂದೇ ದಿನಕ್ಕೆ ಮುಗಿಯುತ್ತದೆ ಎಂದು. ಒಪ್ಪಿಕೊಳ್ಳುತ್ತೇನೆ ಎಂದು ಕೂತಿದ್ದಾನೆ. ಮೊನ್ನೆ ಮನೆಯಲ್ಲಿ ಇದೇ ಜಗಳ.

“ಒಪ್ಕೊಂಡ್ರೆ ಏನ್ ಗಂಟು ಹೋಗತ್ತೆ?” ಎಂದ ಭಾವ.

“ಏನ್ ಹೋಗತ್ತಾ? ನಾಳೆಯಿಂದ ಎಲ್ ಹೋದ್ರೂ ಗೋಡೆ ಹಾಳು ಮಾಡಿದೋನು ಅಂತಾರೆ. ಬಣ್ಣ ಹೊಡೆಯೋನಿಗೆ ಇದಕ್ಕಿಂತ ಒಳ್ಳೇ ಹೆಸರು ಬೇಕಾ?” ಎಂದಳು ಅಕ್ಕ.

“ನೀನು ಸುಮ್ನಿರು.”

“ಏಳು ತಿಂಗ್ಳಿಂದ ಸುಮ್ನೇ ಇದೀನಿ!”

ಮೇಸ್ತ್ರಿ ಕಳಿಸಿಲ್ಲ ಎಂದ ಮೆಸೇಜು ನನ್ನ ಫೋನಿನಲ್ಲಿ ಇನ್ನೂ ಇದೆ. ಅವನದೇ ದನಿ, ಅದೇ ನಾಲ್ಕನೇ ಗೇಟು, ಅದೇ ದಿನದ ತಾರೀಖು. ನಾವು ಹಾಳು ಮಾಡಲು ಹೋಗಲಿಲ್ಲ, ಕೆಲಸಕ್ಕೆ ಹೋಗಿದ್ದೆವು ಎನ್ನಲು ಅದಕ್ಕಿಂತ ಬೇರೆ ಪುರಾವೆ ಇಲ್ಲ. ಅದನ್ನು ಕೊಟ್ಟುಬಿಡುತ್ತೇನೆ ಎಂದು ನಾನು ಎಷ್ಟೋ ಸಲ ಎದ್ದಿದ್ದೇನೆ. “ಫೋನ್ ನಿಂದು ಅಂದ್ಮೇಲೆ ನೀನೂ ಅಲ್ಲಿದ್ದೆ ಅಂತಾಗತ್ತೆ. ನಿನ್ ಪಾಸೂ ಹೋಗತ್ತೆ. ಕೊಟ್ಟೆ ಅಂದ್ರೆ ನಾನು ನಿಂಗೆ ಭಾವಾನೂ ಅಲ್ಲ, ನೀನು ನಂಗೆ ಯಾರೂ ಅಲ್ಲ” ಎಂದು ಭಾವ ಪ್ರತಿ ಸಲವೂ ಬಾಯಿ ಮುಚ್ಚಿಸಿದ್ದಾನೆ. ನಾನೂ ಮುಚ್ಚಿಕೊಂಡು ಕೂತೆ. ಅವನ ಮಾತಿಗೆ ಬೆಲೆ ಕೊಟ್ಟು ಅಂತ ಹೇಳಿಕೊಳ್ಳಬಹುದು. ಅರ್ಧ ನಿಜ. ಇನ್ನರ್ಧ ಹೆದರಿಕೆ.

ಇನ್ನು ಮುಚ್ಚಿಕೊಳ್ಳುವುದಿಲ್ಲ. ಗುರುವಾರ ಫೋನ್ ಹಿಡಿದು ಬರುತ್ತೇನೆ. ಎರಡನೇ ಆರೋಪಿ ಎಂದು ನನ್ನನ್ನು ಬರೆದುಕೊಳ್ಳುವುದಿದ್ದರೆ ಬರೆದುಕೊಳ್ಳಿ, ಆದರೆ ಭಾವ ಬಾಯಿ ತೆರೆದು ತಪ್ಪಾಯಿತು ಎನ್ನುವ ಮೊದಲು ಆ ದನಿಯನ್ನು ಒಮ್ಮೆ ಕೇಳಿ. ಗೋಡೆಯ ಒಡತಿ ಸಾಕ್ಷಿಯಾಗಿ ಅಲ್ಲೇ ಇರುತ್ತಾರೆ, ಅವರನ್ನೂ ಕೇಳಿ. ನಿಮಗೆ ಮನವರಿಕೆಯಾದರೆ ನ್ಯಾಯಾಧೀಶರ ಒಪ್ಪಿಗೆ ಪಡೆದು ಮೊಕದ್ದಮೆಯನ್ನು ಹಿಂದಕ್ಕೆ ಪಡೆಯುವ ಅಧಿಕಾರ ನಿಮಗಿದೆ ಎಂದು ತಿಳಿದವರು ಹೇಳುತ್ತಾರೆ. ಅದನ್ನು ಬಳಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಅದೇ ದಿನ, ಅದೇ ಠಾಣೆಗೆ ಒಂದು ಚೀಟಿ ಬರೆದು ನನ್ನ ಅಕ್ಕನ ಹಾಳೆಯನ್ನು ತರಿಸಿಕೊಳ್ಳಿ. ಅದಕ್ಕೊಂದು ನಂಬರು ಹಾಕಿಸಿ. ಟೇಪು ಹಿಡಿಯುವ ಇಬ್ಬರನ್ನೂ ಫೋಟೊದವರನ್ನೂ ನಮ್ಮ ಮನೆಗೆ ಕಳಿಸಿ. ಮೂರು ತುಂಡನ್ನೂ ಅಕ್ಕ ಮಂಚದ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ. ಗೋಡೆಗೆ ಕೊಟ್ಟದ್ದನ್ನು ಕಿತ್ತುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ನಮಗೂ ಅಷ್ಟೇ ಕೊಡಿ ಎನ್ನುತ್ತಿದ್ದೇನೆ. ಹೊಟ್ಟೆಕಿಚ್ಚಿನವನ ಬೇಡಿಕೆ ಇದಕ್ಕಿಂತ ಮರ್ಯಾದೆಯಾಗಿ ಇರಲು ಸಾಧ್ಯವಿಲ್ಲ.

ಇದೆಲ್ಲ ಭಾವನಿಗೆ ಗೊತ್ತಾಗುವುದು ಪತ್ರಿಕೆ ನೋಡಿದ ಮೇಲೆಯೇ. ಅಕ್ಕನಿಗೆ ಗೊತ್ತು. “ಹೇಳ್ಬಿಡ್ಲಾ ಅಕ್ಕ?” ಎಂದು ಅವಳನ್ನು ಕೇಳಿದೆ. ಹಲ್ಲಿನಲ್ಲಿ ದಾರ ಕಡಿದು, “ಗುರುವಾರ ಯಾವ್ ಶರ್ಟ್ ಹಾಕ್ಕೋತೀಯ? ಬಣ್ಣ ಹತ್ತಿರೋದು ಬೇಡ” ಎಂದಳು. ಬಣ್ಣ ಹತ್ತದ ಶರ್ಟು ನನ್ನಲ್ಲಿ ಒಂದೂ ಇಲ್ಲ, ವಕೀಲರೇ. ಇದ್ದುದರಲ್ಲೇ ಬರುತ್ತೇನೆ. ಗುರುತು ಹಿಡಿಯಲು ನಿಮಗೂ ಸುಲಭವಾಗುತ್ತದೆ.

ಇಂತಿ,
ನಿಮ್ಮ ಕಡತದಲ್ಲಿ ಇನ್ನೂ ಜಾಗ ಸಿಗದ,
ಮೂರನೇ ಪಟ್ಟೆ ಎಳೆದವನು